ಹಾದು ಹೋಗುವ ಲಾರಿ ಬೇರೆ, ಬಂದು ನಿಲ್ಲುವ ಲಾರಿ ಬೇರೆ

ಪ್ರಶ್ನೆ: ನಮ್ಮ ಮನೆ ಮೈಸೂರಿನ ಕುವೆಂಪುನಗರದ ಒಂದು ಅಡ್ಡರಸ್ತೆಯಲ್ಲಿದೆ. ಹತ್ತು ತಿಂಗಳ ಹಿಂದೆ ಎದುರು ಸಾಲಿನ ಕಟ್ಟಡವೊಂದರ ಕೆಳಗೆ ದಿನಸಿ ಗೋಡೌನ್ ಬಂತು. ಮೊಬೈಲ್‌ನಲ್ಲಿ ಆರ್ಡರ್ ಮಾಡಿದ ಸಾಮಾನನ್ನು ಅಲ್ಲಿಂದ ಮನೆಮನೆಗೆ ಕಳಿಸುತ್ತಾರೆ. ದಿನಾ ಬೆಳಗಿನ ಜಾವ ಮೂರೂವರೆಗೆ ಲಾರಿ ಬರುತ್ತೆ. ಹಾರ್ನ್, ಶಟರ್ ಎಳೆಯೋದು, ಕ್ರೇಟ್ ಎಸೆಯೋದು, ರಿವರ್ಸ್ ತಗೊಳ್ಳುವಾಗ ಕೀಂ ಕೀಂ. ಅದು ಸಾಲದು ಅಂತ ಜಲ್ಲಿ ಟಿಪ್ಪರ್‌ಗಳು ರಿಂಗ್ ರೋಡ್ ಬಿಟ್ಟು ನಮ್ಮ ರಸ್ತೆಗೇ ನುಗ್ಗುತ್ತವೆ. ನಮ್ಮ ಅತ್ತೆಗೆ ಎಪ್ಪತ್ತೆಂಟು ವರ್ಷ, ನಿದ್ದೆಯಿಲ್ಲ. ಒಂದು ಕಚೇರಿಗೆ ಹೋದರೆ ಇನ್ನೊಂದು ಕಚೇರಿ ತೋರಿಸುತ್ತಾರೆ. ರಸ್ತೆಯ ಎರಡೂ ತುದಿಗೆ ಹಂಪ್ ಹಾಕಿಸೋಣ ಅಂತ ಅಕ್ಕಪಕ್ಕದವರು ಹೇಳುತ್ತಿದ್ದಾರೆ. ಲಾರಿ ಯಾವ ರಸ್ತೆಯಲ್ಲಿ, ಎಷ್ಟು ಹೊತ್ತಿಗೆ ಬರಬಹುದು ಅನ್ನೋದಕ್ಕೆ ಕಾನೂನು ಇದೆಯಾ? ಬೆಳಿಗ್ಗೆ ಬರುವ ಹಾಲಿನ ಗಾಡಿಯನ್ನೂ ಅರ್ಜಿಯಲ್ಲಿ ಸೇರಿಸಬಹುದಾ?

ಉತ್ತರ: ಕಾನೂನು ಇದೆ. ಆದರೆ ಅದು ಒಂದೇ ಕಡೆ ಇಲ್ಲ. ಲಾರಿ ಯಾವ ರಸ್ತೆಯಲ್ಲಿ ಹೋಗಬಹುದು ಅನ್ನುವುದು ಮೋಟಾರು ವಾಹನ ಕಾಯ್ದೆಯಲ್ಲಿದೆ. ರಾತ್ರಿ ಎಷ್ಟು ಸದ್ದು ಮಾಡಬಹುದು ಅನ್ನುವುದು ಪರಿಸರ ಸಂರಕ್ಷಣಾ ಕಾಯ್ದೆಯ ಕೆಳಗೆ ಬಂದ ಶಬ್ದ ನಿಯಮಗಳಲ್ಲಿದೆ. ಮನೆಗಳ ನಡುವೆ ಗೋಡೌನ್ ನಡೆಸಬಹುದಾ ಅನ್ನುವುದು ಪಾಲಿಕೆಯ ಕಾಯ್ದೆಯಲ್ಲಿದೆ. ಮೂರಕ್ಕೂ ಬೇರೆ ಬೇರೆ ಬಾಗಿಲು. ಎಲ್ಲವನ್ನೂ ಒಂದೇ ಹಾಳೆಯಲ್ಲಿ ಬರೆದುಕೊಂಡು ಹೋದರೆ ಪ್ರತಿ ಬಾಗಿಲಲ್ಲೂ ಪಕ್ಕದ ಬಾಗಿಲು ತೋರಿಸುತ್ತಾರೆ. ಅವರು ಹೇಳುವುದು ಪೂರ್ತಿ ಸುಳ್ಳೂ ಅಲ್ಲ.

ಹಾಗಾಗಿ ಮೊದಲು ನಿಮ್ಮ ದೂರನ್ನು ಎರಡು ಮಾಡಿ. ಟಿಪ್ಪರ್ ನಿಮ್ಮ ರಸ್ತೆಯಲ್ಲಿ ಸುಮ್ನೆ ಹಾದು ಹೋಗುತ್ತದೆ. ಅದಕ್ಕೆ ನಿಮ್ಮ ಬೀದಿಯಲ್ಲಿ ಕೆಲಸವೇ ಇಲ್ಲ. ದಿನಸಿ ಲಾರಿ ಹಾಗಲ್ಲ. ಅದು ನಿಮ್ಮ ಬೀದಿಗೇ ಬರುತ್ತದೆ, ನಿಲ್ಲುತ್ತದೆ, ಲೋಡ್ ಇಳಿಸುತ್ತದೆ. ಹಾದು ಹೋಗುವ ಲಾರಿಯನ್ನು ಬೇರೆ ರಸ್ತೆಗೆ ತಿರುಗಿಸಬಹುದು. ಬಂದು ನಿಲ್ಲುವ ಲಾರಿಯನ್ನು ಎಲ್ಲಿಗೆ ತಿರುಗಿಸುತ್ತೀರಿ? ಅದರ ಹೊತ್ತು ಬದಲಿಸಬೇಕು, ಇಳಿಸುವ ರೀತಿ ಬದಲಿಸಬೇಕು. ಇದನ್ನು ಗಮನಿಸದೆ 'ನಮ್ಮ ಬಡಾವಣೆಗೆ ಲಾರಿ ನಿಷೇಧಿಸಿ' ಅಂತ ಬರೆದ ಅರ್ಜಿಗಳನ್ನು ಬೇಕಾದಷ್ಟು ನೋಡಿದ್ದೇನೆ. ಅಂಥ ಅರ್ಜಿಗೆ ಅಧಿಕಾರಿ ಕೇಳುವ ಮೊದಲ ಪ್ರಶ್ನೆ ಒಂದೇ: ಹಾಗಾದರೆ ನಿಮ್ಮ ಗ್ಯಾಸ್ ಸಿಲಿಂಡರ್ ಹೇಗೆ ಬರಬೇಕು?

ಹಾರ್ನ್ ವಿಷಯ ಸುಲಭ, ಅದನ್ನು ಬೇಗ ಮುಗಿಸುತ್ತೇನೆ. ಶಬ್ದ ಮಾಲಿನ್ಯ ನಿಯಮಗಳು 2000ರಲ್ಲಿ ಬಂದವು. ಅವುಗಳ ಲೆಕ್ಕದಲ್ಲಿ ರಾತ್ರಿ ಅಂದರೆ 10 ಗಂಟೆಯಿಂದ ಬೆಳಿಗ್ಗೆ 6ರವರೆಗೆ. 2010ರ ತಿದ್ದುಪಡಿಯಲ್ಲಿ ಒಂದು ಸ್ಪಷ್ಟ ಮಾತು ಸೇರಿತು: ವಸತಿ ಪ್ರದೇಶದಲ್ಲಿ ರಾತ್ರಿ ಹೊತ್ತು ಹಾರ್ನ್ ಮಾಡುವಂತಿಲ್ಲ, ಸಾರ್ವಜನಿಕ ತುರ್ತು ಇದ್ದರೆ ಮಾತ್ರ ಬಿಡುವು. ಸುಪ್ರೀಂ ಕೋರ್ಟ್ 2005ರಲ್ಲೇ ಇದನ್ನು ಹೇಳಿತ್ತು. ಅನಾವಶ್ಯಕವಾಗಿ ಹಾರ್ನ್ ಮಾಡಿದರೆ ಮೋಟಾರು ವಾಹನ ಕಾಯ್ದೆಯ ಸೆಕ್ಷನ್ 194-ಎಫ್ ಪ್ರಕಾರ ಮೊದಲ ಸಲ 1,000 ರೂಪಾಯಿ, ಆಮೇಲೆ 2,000 ರೂಪಾಯಿ ದಂಡ. ಇದಕ್ಕೆ ಸದ್ದು ಅಳೆಯುವ ಡೆಸಿಬಲ್ ಮೀಟರ್ ಬೇಕಿಲ್ಲ. ಮೂರೂವರೆಗೆ ಗೋಡೌನ್ ಹುಡುಗನನ್ನು ಎಬ್ಬಿಸಲು ಡ್ರೈವರ್ ಹಾರ್ನ್ ಒತ್ತಿದರೆ ಅದು ತಪ್ಪು, ಎಷ್ಟು ಮೆಲ್ಲಗೆ ಒತ್ತಿದರೂ ತಪ್ಪು. ಫೋನ್ ಮಾಡಿ ಎಬ್ಬಿಸಲಿ. ರಿವರ್ಸ್ ಹೋಗುವಾಗಿನ ಕೀಂ ಕೀಂ ಬೇರೆ ಸಂಗತಿ. ಅದು ಹಿಂದೆ ನಿಂತ ಕ್ಲೀನರ್‌ನ ಪ್ರಾಣ ಉಳಿಸಲು ಇರುವುದು. ಅದನ್ನು ಕಿತ್ತುಹಾಕಿಸಿ ಅಂತ ದಯವಿಟ್ಟು ಕೇಳಬೇಡಿ. ಲಾರಿ ರಿವರ್ಸ್ ತೆಗೆಯುವ ಅಗತ್ಯವೇ ಬೀಳದ ಹಾಗೆ ನಿಲ್ಲಿಸಲು ಕೇಳಿ.

ಈಗ ಶಟರ್, ಕ್ರೇಟ್, ಟ್ರಾಲಿ. ನಿಜವಾಗಿ ನಿದ್ದೆ ಕೆಡಿಸುವುದು ಇವೇ. ಕಾನೂನಿನ ಕೈಗೆ ಸುಲಭವಾಗಿ ಸಿಗದವೂ ಇವೇ. ಯಾಕೆ ಅಂತ ಸ್ವಲ್ಪ ಬಿಡಿಸಿ ಹೇಳುತ್ತೇನೆ, ಏಕೆಂದರೆ ಇದು ಗೊತ್ತಿಲ್ಲದೆ ಮೀಟರ್ ತರಿಸಿ ಪೆಚ್ಚಾದವರು ಬಹಳ ಜನ.

ವಸತಿ ಪ್ರದೇಶಕ್ಕೆ ನಿಯಮ ಹೇಳುವ ಮಿತಿ ಹಗಲು 55 ಡೆಸಿಬಲ್, ರಾತ್ರಿ 45. ವಾಣಿಜ್ಯ ಪ್ರದೇಶಕ್ಕೆ 65 ಮತ್ತು 55. ನಿಮ್ಮ ರಸ್ತೆ ಮಾಸ್ಟರ್ ಪ್ಲಾನ್‌ನಲ್ಲಿ ಯಾವುದಾಗಿದೆ ಅಂತ ಮೊದಲು ನೋಡಿಕೊಳ್ಳಿ. ಅಲ್ಲೇ ಹತ್ತು ಡೆಸಿಬಲ್ ವ್ಯತ್ಯಾಸ ಆಗಿಬಿಡುತ್ತದೆ. ಕುವೆಂಪುನಗರದ ಒಳಗಿನ ಅಡ್ಡರಸ್ತೆ ಅಂದಮೇಲೆ ವಸತಿ ಅಂತಲೇ ಇಟ್ಟುಕೊಳ್ಳೋಣ. ಮಿತಿಗಿಂತ 10 ಡೆಸಿಬಲ್ ಅಥವಾ ಅದಕ್ಕಿಂತ ಜಾಸ್ತಿ ಇದ್ದರೆ ದೂರು ಕೊಡಬಹುದು ಅನ್ನುತ್ತದೆ ನಿಯಮ 7. ಅಂದರೆ ರಾತ್ರಿ 55. ರಾತ್ರಿಯ ನಿರ್ಬಂಧಗಳನ್ನು ಮುರಿದರೂ ದೂರು ಕೊಡಬಹುದು ಅಂತ ಅದೇ ನಿಯಮ ಹೇಳುತ್ತದೆ. ಹಾರ್ನ್ ಆ ಎರಡನೆಯ ಸಾಲಿಗೆ ಸೇರುತ್ತದೆ, ಕ್ರೇಟ್ ಸೇರುವುದಿಲ್ಲ.

ಸಮಸ್ಯೆ ಇರುವುದು ಲೆಕ್ಕ ಹಾಕುವ ರೀತಿಯಲ್ಲಿ. ಆ 45 ಅನ್ನುವುದು ಒಂದು ಕ್ಷಣದ ಸದ್ದಲ್ಲ, ರಾತ್ರಿಯ ಸರಾಸರಿ. ನಿಮ್ಮ ಬೀದಿ ಉಳಿದಂತೆ 40 ಡೆಸಿಬಲ್‌ನಷ್ಟು ಶಾಂತವಾಗಿದೆ ಅಂದುಕೊಳ್ಳಿ. ಶಟರ್ ಮತ್ತು ಕ್ರೇಟಿನ ಸದ್ದು ನಿಮ್ಮ ಕಿಟಕಿಯ ಹತ್ತಿರ 75. ಇಡೀ ರಾತ್ರಿಯಲ್ಲಿ ಆ ಸದ್ದು ಒಟ್ಟು ಒಂದು ನಿಮಿಷ ಇದ್ದರೆ, ಎಂಟು ಗಂಟೆಯ ಸರಾಸರಿ 49ರ ಆಸುಪಾಸು ಬರುತ್ತದೆ. ಮಿತಿ ಮೀರಿದೆ, ಆದರೆ ದೂರಿನ ಗೆರೆ ಮುಟ್ಟಿಲ್ಲ. ಅದೇ ಸದ್ದು ಒಟ್ಟು ಐದು ನಿಮಿಷ ಆದರೆ ಸರಾಸರಿ 55 ದಾಟುತ್ತದೆ. ನಿಮ್ಮ ಅತ್ತೆಯವರು ಎಚ್ಚರಗೊಳ್ಳಲು ಐದು ನಿಮಿಷ ಬೇಕಾ? ಒಂದು ಢಬ್ ಸಾಕು. ತೆರೆದ ಕಿಟಕಿ ಸುಮಾರು 15 ಡೆಸಿಬಲ್ ತಡೆಯುತ್ತದೆ ಅಂದುಕೊಂಡರೂ ಹಾಸಿಗೆಯ ಹತ್ತಿರ 60 ಉಳಿಯುತ್ತದೆ. ಮಲಗುವ ಕೋಣೆಯೊಳಗೆ ಒಂದೊಂದು ಬಿಡಿ ಸದ್ದು 45 ದಾಟಬಾರದು ಅಂತ ವಿಶ್ವ ಆರೋಗ್ಯ ಸಂಸ್ಥೆ 1999ರಲ್ಲೇ ಸಲಹೆ ಕೊಟ್ಟಿದೆ. ನಮ್ಮ ನಿಯಮ ಸರಾಸರಿ ನೋಡುತ್ತದೆ, ನಿದ್ದೆ ಕೆಡುವುದು ಢಬ್ ಅನ್ನುವುದಕ್ಕೆ. ನಿಯಮದ ಈ ದೋಷ ನಿಮ್ಮ ಅರ್ಜಿಯಿಂದ ಸರಿಹೋಗದು. ಆದರೆ ಅರ್ಜಿ ಹೇಗೆ ಬರೆಯಬೇಕು ಅನ್ನುವುದು ಇದರಿಂದ ಗೊತ್ತಾಗುತ್ತದೆ. 'ರಾತ್ರಿಯಿಡೀ ಸದ್ದು' ಅಂತ ಬರೆಯಬೇಡಿ. ಎರಡು ವಾರ ಒಂದು ನೋಟ್‌ಬುಕ್ ಇಡಿ. ತಾರೀಕು, ಗಂಟೆ, ಯಾವ ಗಾಡಿ, ಯಾವ ಸದ್ದು, ಎಷ್ಟು ನಿಮಿಷ. ಮೊಬೈಲ್ ಆ್ಯಪ್‌ನ ಡೆಸಿಬಲ್ ಅಂಕಿ ಬರೆದುಕೊಳ್ಳಿ, ಆದರೆ ಅದನ್ನೇ ಸಾಕ್ಷಿ ಅಂತ ಮುಂದಿಡಬೇಡಿ. ಸರಿಯಾಗಿ ಹೊಂದಿಸಿದ ಮೀಟರ್ ತರುವುದು ಮಾಲಿನ್ಯ ನಿಯಂತ್ರಣ ಮಂಡಳಿಯ ಕೆಲಸ. ಅವರಿಗೆ ಯಾವ ಹೊತ್ತಿಗೆ ಬರಬೇಕು ಅಂತ ನಿಮ್ಮ ನೋಟ್‌ಬುಕ್ ಹೇಳಬೇಕು.

ಇನ್ನು ಒಂದು ವಿಚಿತ್ರ ನೋಡಿ. ಆ ಲಾರಿ ಮೂರೂವರೆಗೇ ಯಾಕೆ ಬರುತ್ತದೆ? ಡ್ರೈವರ್‌ಗೆ ನಿದ್ದೆ ಬೇಡವಾ? ಜನ ಓಡಾಡುವ ಹೊತ್ತಿನಲ್ಲಿ ಊರೊಳಗೆ ದೊಡ್ಡ ಲಾರಿ ಬಿಡದಿರುವುದು ಬಹಳಷ್ಟು ನಗರಗಳ ರೂಢಿ. ದಸರಾ ಸಮಯದಲ್ಲಿ ಮೈಸೂರಿನಲ್ಲಿ ಅದು ಇನ್ನೂ ಬಿಗಿ. ಬಂಡಿಪಾಳ್ಯದ ಎಪಿಎಂಸಿಗಾಗಲಿ, ಸಂತೇಪೇಟೆಯ ಸಗಟು ಅಂಗಡಿಗಳಿಗಾಗಲಿ ಸಾಮಾನು ಊರು ಏಳುವ ಮುಂಚೆ ಬಂದರೆ ಎಲ್ಲರಿಗೂ ಅನುಕೂಲ. ಹಗಲು ಲಾರಿ ಬೇಡ ಅಂತ ಟ್ರಾಫಿಕ್ ನಿಯಮ ಅದನ್ನು ರಾತ್ರಿಗೆ ತಳ್ಳುತ್ತದೆ. ರಾತ್ರಿ ಸದ್ದು ಬೇಡ ಅಂತ ಶಬ್ದ ನಿಯಮ ಅದನ್ನು ಹಗಲಿಗೆ ತಳ್ಳುತ್ತದೆ. ನಡುವೆ ಸಿಕ್ಕಿಕೊಂಡವನು ಡ್ರೈವರ್. ಬಾಲ್ಕನಿಯಿಂದ ಅವನ ಮೇಲೆ ಕೂಗಾಡಿ ಪ್ರಯೋಜನವಿಲ್ಲ, ಹೊತ್ತು ಗೊತ್ತುಮಾಡುವವನು ಅವನಲ್ಲ. ಗೋಡೌನ್ ಮ್ಯಾನೇಜರ್ ಹತ್ತಿರ ಮಾತಾಡಿ.

ಮಾತಾಡುವಾಗ ಎರಡು ದಾರಿ ಮುಂದಿಡಿ. ಮೊದಲನೆಯದು, ದೊಡ್ಡ ಲಾರಿಯ ಬದಲು ಸಣ್ಣ ಗಾಡಿ. ಟಾಟಾ ಏಸ್, ಬೊಲೆರೊ ಪಿಕಪ್‌ಗಳಲ್ಲಿ ಹಲವು ಟ್ರಿಪ್ ಮಾಡಿ, ಬೆಳಿಗ್ಗೆ 6ರಿಂದ 8ರ ಒಳಗೆ ಇಳಿಸಿಕೊಳ್ಳುವುದು. ಅವರಿಗೆ ಬಾಡಿಗೆ ಸ್ವಲ್ಪ ಜಾಸ್ತಿ ಬೀಳುತ್ತದೆ, ಹಾಗಾಗಿ ಮೊದಲ ಸಲಕ್ಕೇ ಒಪ್ಪುವುದಿಲ್ಲ. ಎರಡನೆಯದು, ಹೊತ್ತು ಅದೇ ಇರಲಿ, ಸದ್ದು ಕಡಿಮೆ ಮಾಡಿ. ನೆದರ್ಲೆಂಡ್ಸ್‌ನಲ್ಲಿ ಇದನ್ನೇ ನಿಯಮ ಮಾಡಿದರು. ಅಲ್ಲಿ ರಾತ್ರಿ 11ರಿಂದ ಬೆಳಿಗ್ಗೆ 7ರವರೆಗೆ ಲೋಡ್ ಇಳಿಸುವ ಸದ್ದು ಏಳೂವರೆ ಮೀಟರ್ ದೂರದಲ್ಲಿ 60 ಡೆಸಿಬಲ್ ದಾಟಬಾರದು ಅಂತ ಗೊತ್ತುಮಾಡಿದರು. ಸರಾಸರಿಯ ಆಟವಲ್ಲ, ಒಂದೊಂದು ಢಬ್‌ಗೂ ಅದೇ ಮಿತಿ. ಅದಕ್ಕಾಗಿ ಟ್ರಾಲಿ ಚಕ್ರ, ಲಾರಿಯ ನೆಲ, ಹಿಂಬಾಗಿಲು ಎಲ್ಲ ಬದಲಾದವು. ನಮಗೆ ಅಷ್ಟು ಬೇಕಿಲ್ಲ. ಎಂಜಿನ್ ಆಫ್ ಮಾಡುವುದು. ಶಟರ್ ಹಳಿಗೆ ಗ್ರೀಸ್. ಟ್ರಾಲಿಗೆ ರಬ್ಬರ್ ಚಕ್ರ. ಲಾರಿಯ ಹಿಂದಿನ ಡಾಲಾ, ಅಂದರೆ ಕೆಳಗೆ ಮಡಚುವ ಹಲಗೆ, ಬೀಳುವ ಕಡೆ ಹಳೆಯ ಟೈರಿನ ತುಂಡು. ಕ್ರೇಟ್ ಎಸೆಯದೆ ಕೈಯಿಂದ ಕೈಗೆ ಕೊಡುವುದು. ಎಲ್ಲ ಸೇರಿ ಕೆಲವು ಸಾವಿರ ರೂಪಾಯಿಯ ಕೆಲಸ. ಡೆಸಿಬಲ್ ಲೆಕ್ಕದಲ್ಲಿ ಹತ್ತು ಇಳಿದರೆ ಕಿವಿಗೆ ಅರ್ಧದಷ್ಟು ಅನ್ನಿಸುತ್ತದೆ. ರಬ್ಬರ್ ಚಕ್ರ, ಟೈರಿನ ತುಂಡುಗಳಿಂದ ಆಗುವ ಬದಲಾವಣೆ ಸಣ್ಣದಲ್ಲ.

ಮ್ಯಾನೇಜರ್ ಕೇಳದಿದ್ದರೆ ಪಾಲಿಕೆಯ ವಲಯ ಕಚೇರಿ. ಅಲ್ಲಿ ಸದ್ದಿನ ಮಾತು ಎತ್ತಬೇಡಿ, ಉದ್ದಿಮೆ ಪರವಾನಗಿಯ ಮಾತು ಎತ್ತಿ. ಕರ್ನಾಟಕ ಪೌರನಿಗಮಗಳ ಕಾಯ್ದೆ 1976ರ ಸೆಕ್ಷನ್ 353ರ ಕೆಳಗೆ ಇಂಥ ವ್ಯಾಪಾರಗಳಿಗೆ ಪರವಾನಗಿ ಬೇಕು, ಅದಕ್ಕೆ ಷರತ್ತು ಹಾಕಲೂ ಬಹುದು. ಆ ಗೋಡೌನ್‌ಗೆ ಪರವಾನಗಿ ಇದೆಯಾ, ಯಾವ ಉದ್ದೇಶಕ್ಕೆ, ಯಾವ ಷರತ್ತಿನ ಮೇಲೆ ಅಂತ ಮಾಹಿತಿ ಹಕ್ಕಿನಲ್ಲಿ ಕೇಳಿ. 30 ದಿನದಲ್ಲಿ ಉತ್ತರ ಕೊಡಬೇಕು. ಕಾಗದದಲ್ಲಿ 'ಅಂಗಡಿ' ಅಂತಿದ್ದು ಅಲ್ಲಿ ನಡೆಯುತ್ತಿರುವುದು ಗೋಡೌನ್ ಆದರೆ, ನಿಮ್ಮ ಕೈಯಲ್ಲಿ ನಿಜವಾದ ಹಿಡಿತ ಬಂದ ಹಾಗೆ. ನನ್ನ ಅನುಭವದಲ್ಲಿ ಡೆಸಿಬಲ್‌ಗಿಂತ ಪರವಾನಗಿ ಬೇಗ ಕೆಲಸ ಮಾಡುತ್ತದೆ.

ಇನ್ನು ಟಿಪ್ಪರ್. ಇದು ಪೂರ್ತಿ ಬೇರೆ ಅರ್ಜಿ, ನಗರ ಪೊಲೀಸ್ ಆಯುಕ್ತರಿಗೆ, ಸಂಚಾರ ವಿಭಾಗದ ಮೂಲಕ.

ಮೋಟಾರು ವಾಹನ ಕಾಯ್ದೆ 1988ರ ಸೆಕ್ಷನ್ 115 ಇದಕ್ಕೆಂದೇ ಇದೆ. ಜನರ ಸುರಕ್ಷತೆ, ಅನುಕೂಲ, ಅಥವಾ ರಸ್ತೆಯ ಸ್ವರೂಪ ನೋಡಿ, ಒಂದು ರಸ್ತೆಯಲ್ಲಿ ಇಂಥ ವರ್ಗದ ವಾಹನ ಓಡಬಾರದು ಅಂತ ಆದೇಶ ಹೊರಡಿಸಬಹುದು. ಕರ್ನಾಟಕದಲ್ಲಿ ಇದರ ಜೊತೆಗೆ ರಾಜ್ಯದ 1989ರ ಮೋಟಾರು ವಾಹನ ನಿಯಮಗಳಲ್ಲಿ 221-ಎ ಅನ್ನುವುದನ್ನೂ ಆದೇಶಗಳಲ್ಲಿ ಉಲ್ಲೇಖಿಸುತ್ತಾರೆ. ಮೈಸೂರಿನವರಿಗೆ ಇದರ ದೊಡ್ಡ ಉದಾಹರಣೆ ಚೆನ್ನಾಗಿ ಗೊತ್ತು, ಹೀಗೆ ಯೋಚಿಸಿರುವುದಿಲ್ಲ ಅಷ್ಟೆ. ಬಂಡೀಪುರದ ರಾತ್ರಿ ಸಂಚಾರ ನಿಷೇಧ. 2009ರಲ್ಲಿ ಚಾಮರಾಜನಗರದ ಜಿಲ್ಲಾಧಿಕಾರಿ ಹೊರಡಿಸಿದ ಆದೇಶ ಅದು. ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಕಾಡಿನ ಹೆದ್ದಾರಿ ಬಂದ್. ಕಾಡುಪ್ರಾಣಿಗಳಿಗಾಗಿ ಎರಡು ರಾಜ್ಯಗಳ ನಡುವಿನ ಹೆದ್ದಾರಿಯನ್ನೇ ರಾತ್ರಿ ಮುಚ್ಚಬಹುದು ಅಂದಮೇಲೆ ಕುವೆಂಪುನಗರದ ಅಡ್ಡರಸ್ತೆಗೆ ಟಿಪ್ಪರ್ ಬೇಡ ಅನ್ನುವುದು ದೊಡ್ಡ ಮಾತೇನಲ್ಲ, ಅಲ್ವಾ? ಅಲ್ಲೂ ತುರ್ತು ವಾಹನಗಳಿಗೆ, ಕೆಲವು ಬಸ್ಸುಗಳಿಗೆ ವಿನಾಯಿತಿ ಇದೆ. ಇದನ್ನು ನೆನಪಿಡಿ. ವಿನಾಯಿತಿ ಇಲ್ಲದ ನಿಷೇಧ ಕೋರ್ಟಿನಲ್ಲೂ ನಿಲ್ಲುವುದಿಲ್ಲ, ಬೀದಿಯಲ್ಲೂ ನಿಲ್ಲುವುದಿಲ್ಲ.

ಹಾಗಾಗಿ ಅರ್ಜಿಯಲ್ಲಿ ನೀವೇ ವಿನಾಯಿತಿ ಬರೆದುಕೊಡಿ. ಆಂಬುಲೆನ್ಸ್, ಅಗ್ನಿಶಾಮಕ, ಕಸದ ಗಾಡಿ, ನೀರಿನ ಟ್ಯಾಂಕರ್, ಗ್ಯಾಸ್, ಇದೇ ರಸ್ತೆಯ ಮನೆಗೆ ಸಾಮಾನು ತರುವ ವಾಹನ. ಉಳಿದವುಗಳಲ್ಲಿ 'ದೊಡ್ಡ ಲಾರಿ' ಅನ್ನಬೇಡಿ, ತೂಕ ಹೇಳಿ. ಕಾಯ್ದೆಯಲ್ಲಿ ಲಘು ವಾಹನದ ಮಿತಿ 7,500 ಕಿಲೋ. ಅದಕ್ಕಿಂತ ಹೆಚ್ಚಿನ ಒಟ್ಟು ತೂಕದ ಸರಕು ವಾಹನ ಅಂತ ಬರೆದರೆ ಚರ್ಚೆಗೆ ಜಾಗ ಉಳಿಯುವುದಿಲ್ಲ. ತೂಕವನ್ನು ಲಾರಿಯ ಮೈಮೇಲೇ ಬಣ್ಣದಲ್ಲಿ ಬರೆದಿರುತ್ತಾರೆ, ಪೊಲೀಸರು ನಿಂತಲ್ಲೇ ಓದಬಹುದು. ಪರ್ಯಾಯ ದಾರಿಯನ್ನೂ ಹೇಳಿ. ನಮ್ಮ ರಿಂಗ್ ರೋಡ್ ಸುಮಾರು 42 ಕಿಲೋಮೀಟರ್ ಇದೆ, ಊರೊಳಗೆ ಕೆಲಸವಿಲ್ಲದ ಲಾರಿ ಹೊರಗೇ ಸುತ್ತಿಕೊಂಡು ಹೋಗಲಿ ಅಂತಲೇ ಮಾಡಿದ್ದು. ಲಂಡನ್‌ನಲ್ಲಿ 18 ಟನ್‌ಗಿಂತ ಭಾರದ ಲಾರಿಗಳಿಗೆ ರಾತ್ರಿ ಮತ್ತು ವಾರಾಂತ್ಯದಲ್ಲಿ ಇದೇ ಸೂತ್ರ: ಆದಷ್ಟೂ ಮುಖ್ಯರಸ್ತೆಯಲ್ಲೇ ಇರು, ಇಳಿಸುವ ಜಾಗ ಹತ್ತಿರ ಬಂದಾಗ ಮಾತ್ರ ಒಳಗೆ ತಿರುಗು.

ಅರ್ಜಿ ಕೊಡುವ ಮುಂಚೆ ಒಂದು ವಿಷಯ ಪತ್ತೆ ಮಾಡಿ. ಆ ಟಿಪ್ಪರ್‌ಗಳು ನಿಜವಾಗಿಯೂ ಹಾದು ಹೋಗುತ್ತಿವೆಯಾ, ಇಲ್ಲಾ ಹಿಂದಿನ ರಸ್ತೆಯಲ್ಲಿ ಮನೆ ಕಟ್ಟುತ್ತಿರುವವರಿಗೆ ಜಲ್ಲಿ ತರುತ್ತಿವೆಯಾ? ಎರಡನೆಯದಾದರೆ ಆ ಮನೆಯವರನ್ನು ಹೋಗಿ ಕಾಣುವುದೇ ಸರಿ. ಮಿತಿಗಿಂತ ಹೆಚ್ಚು ತುಂಬಿಕೊಂಡು ಬರುತ್ತಿದ್ದರೆ ಅದೊಂದು ಪ್ರತ್ಯೇಕ ಅಪರಾಧ: ಸೆಕ್ಷನ್ 194ರಲ್ಲಿ 20,000 ರೂಪಾಯಿ, ಮೇಲೆ ಪ್ರತಿ ಹೆಚ್ಚುವರಿ ಟನ್‌ಗೆ 2,000.

ಆದೇಶ ಬಂದ ಮೇಲೂ ಕೆಲಸ ಮುಗಿಯಲಿಲ್ಲ. ಸೆಕ್ಷನ್ 115 ಪ್ರಕಾರ ರಸ್ತೆಯಲ್ಲಿ ಸೂಚನಾ ಫಲಕ ಹಾಕಲೇಬೇಕು. ಆದೇಶವಿದ್ದು ಫಲಕವಿಲ್ಲದಿದ್ದರೆ ಡ್ರೈವರ್‌ಗೆ ಹೇಗೆ ಗೊತ್ತಾಗಬೇಕು? ಇನ್ನು ಕೆಲವು ಕಡೆ ನಿವಾಸಿಗಳೇ 'ಭಾರಿ ವಾಹನಗಳ ಪ್ರವೇಶ ನಿಷೇಧಿಸಿದೆ' ಅಂತ ಫ್ಲೆಕ್ಸ್ ಕಟ್ಟಿರುತ್ತಾರೆ. ಹಿಂದೆ ಆದೇಶ ಇಲ್ಲದ ಫ್ಲೆಕ್ಸ್‌ಗೆ ಮದುವೆ ಬ್ಯಾನರ್‌ಗಿರುವಷ್ಟೇ ಬೆಲೆ. ಒಂದು ತಿಂಗಳಿಗಿಂತ ಹೆಚ್ಚಿನ ನಿರ್ಬಂಧವಾದರೆ ಗೆಜೆಟ್‌ನಲ್ಲೂ ಬರಬೇಕು. ಬೇಕಾದರೆ ಮೊದಲು ಒಂದು ತಿಂಗಳ ಪ್ರಯೋಗ ಮಾಡಿ ನೋಡಿ ಅಂತ ಕೇಳಿ, ಅದಕ್ಕೆ ಗೆಜೆಟ್ ಬೇಕಿಲ್ಲ. ಅಧಿಕಾರಿಗಳು ಪ್ರಯೋಗಕ್ಕೆ ಬೇಗ ಒಪ್ಪುತ್ತಾರೆ.

ಹಂಪ್ ಬಗ್ಗೆ. ಬೇಡ. ಇದನ್ನು ನಾನು ಪುಸ್ತಕ ನೋಡಿ ಹೇಳುತ್ತಿಲ್ಲ. ಹದಿನೈದು ವರ್ಷದ ಹಿಂದೆ ನಮ್ಮ ರಸ್ತೆಯವರು ಹಂಪ್ ಕೇಳಿದರು. ಸಾರಿಗೆ ಎಂಜಿನಿಯರ್ ಅಂತ ಅರ್ಜಿ ಬರೆದುಕೊಟ್ಟವನೂ ನಾನೇ. ಹಂಪ್ ಬಂತು. ಅದೂ ಸರಿಯಾದ ಅಳತೆಯದ್ದಲ್ಲ. ರಸ್ತೆಗಳ ಮಾನದಂಡ ಗೊತ್ತುಮಾಡುವ ಭಾರತೀಯ ರಸ್ತೆ ಕಾಂಗ್ರೆಸ್ಸಿನ ಅಳತೆಯಲ್ಲಿ ಹಂಪ್ 3.7 ಮೀಟರ್ ಅಗಲ, 10 ಸೆಂಟಿಮೀಟರ್ ಎತ್ತರ ಇರಬೇಕು, ಮೆಲ್ಲಗೆ ಏರಿ ಮೆಲ್ಲಗೆ ಇಳಿಯಬೇಕು. ನಮಗೆ ಸಿಕ್ಕಿದ್ದು ಹೋಳಿಗೆ ಮಡಚಿಟ್ಟ ಹಾಗೆ ಒಂದು ಗುಡ್ಡೆ. ಹಗಲು ಸ್ಕೂಟರ್‌ಗಳು ನಿಧಾನವಾದವು, ನಿಜ. ರಾತ್ರಿ ಏನಾಯಿತು ಅಂದರೆ, ಪ್ರತಿ ಲಾರಿಯೂ ಹಂಪ್ ಮುಂದೆ ಬ್ರೇಕ್ ಹಾಕಿ ಉಸ್ ಅಂತು, ಹತ್ತಿ ಇಳಿಯುವಾಗ ಧಡಾರ್ ಅಂತು, ದಾಟಿದ ಮೇಲೆ ಗೇರ್ ಬದಲಿಸಿ ಗೊರ್ ಅಂತು. ಒಂದು ಸದ್ದಿದ್ದದ್ದು ಮೂರಾಯಿತು. ಖಾಲಿ ಲಾರಿ ಇನ್ನೂ ಕೆಟ್ಟದ್ದು. ಲೋಡ್ ಇದ್ದಾಗ ಭಾರ ಎಲ್ಲವನ್ನೂ ಅದುಮಿ ಹಿಡಿದಿರುತ್ತದೆ. ಖಾಲಿ ಇದ್ದಾಗ ಡಾಲಾ, ಸರಪಳಿ, ತಗಡು ಎಲ್ಲ ಕುಣಿಯುತ್ತವೆ. ಹಂಪ್ ಪಕ್ಕದ ಮನೆಯವರು ಒಂದು ವರ್ಷ ನನ್ನ ಹತ್ತಿರ ಸರಿಯಾಗಿ ಮಾತಾಡಲಿಲ್ಲ. ಕೊನೆಗೆ ರಸ್ತೆಗೆ ಡಾಂಬರು ಹಾಕುವಾಗ ಅದು ಹೋಯಿತು. ಆ ವರ್ಷ ಅವರ ಮನೆಯ ಗೌರಿ ಹಬ್ಬಕ್ಕೆ ಕರೆ ಬಂತು.

ಎತ್ತರ ತಡೆಯುವ ಕಬ್ಬಿಣದ ಕಮಾನೂ ಬೇಡ. ಅಗ್ನಿಶಾಮಕ ವಾಹನಕ್ಕೆ ಅದೇ ಅಡ್ಡ.

ಎಲ್ಲ ಮಾಡಿಯೂ ಫಲ ಕಾಣದಿದ್ದರೆ ಇನ್ನೊಂದು ದಾರಿ ಇದೆ. ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ ಸೆಕ್ಷನ್ 152, ಹಿಂದಿನ ದಂಡ ಪ್ರಕ್ರಿಯಾ ಸಂಹಿತೆಯ 133. ಸಾರ್ವಜನಿಕ ಉಪದ್ರವ ನಿಲ್ಲಿಸಿ ಅಂತ ಕಾರ್ಯನಿರ್ವಾಹಕ ಮ್ಯಾಜಿಸ್ಟ್ರೇಟರ ಮುಂದೆ ಹೋಗುವುದು. ಅದಕ್ಕೆ ನಿಮ್ಮ ಒಬ್ಬರ ಸಹಿ ಸಾಲದು. ಬೀದಿಯ ಹತ್ತು ಮನೆಯವರಾದರೂ ಜೊತೆಗಿರಲಿ, ಇಲ್ಲದಿದ್ದರೆ ಅದನ್ನು ಎರಡು ಮನೆಗಳ ಜಗಳ ಅಂತ ನೋಡುತ್ತಾರೆ. ರಾತ್ರಿಯೇ ತಡೆಯಲಾರದಷ್ಟು ಗಲಾಟೆ ಆದರೆ 112ಕ್ಕೆ ಕರೆ ಮಾಡಿ, ಆ ಕರೆಯ ಹೊತ್ತನ್ನೂ ನೋಟ್‌ಬುಕ್‌ನಲ್ಲಿ ಬರೆದಿಡಿ.

ಹಾಲಿನ ಗಾಡಿ ಕೇಳಿದ್ದೀರಿ. ಅದನ್ನು ಅರ್ಜಿಯಿಂದ ಬಿಡಿ. ಅದು ನಿಮ್ಮ ಬೀದಿಯಲ್ಲಿ ನಿಲ್ಲುವುದು ಎರಡು ನಿಮಿಷ, ಮತ್ತು ಆ ಹಾಲು ಸಹಿ ಹಾಕುವ ಹತ್ತೂ ಮನೆಗೆ ಬೇಕು. ಅದರ ಹೆಸರು ಬಂದ ತಕ್ಷಣ ಅರ್ಧ ಸಹಿ ವಾಪಸ್ ಹೋಗುತ್ತದೆ. ಬೆಳಿಗ್ಗೆ ಬೂತ್‌ಗೆ ಹೋದಾಗ ಕ್ರೇಟನ್ನು ಕಲ್ಲಿನ ಮೇಲೆ ಎಸೆಯಬೇಡಪ್ಪ, ಒಂದು ಗೋಣಿಚೀಲ ಹಾಸ್ಕೊ ಅಂತ ಹುಡುಗನಿಗೆ ಹೇಳಿ. ಗೋಣಿಚೀಲ ನೀವೇ ಕೊಟ್ಟರೆ ಇನ್ನೂ ಒಳ್ಳೆಯದು.